ಬೈಂಡಣ್ಣ ಕತ್ತರಿಸಿದ ಅಂಚು

ಬೈಂಡಿಂಗ್ ಅಂಗಡಿಯ ಅಣ್ಣ ಎಂದು ಇಷ್ಟುದ್ದ ಕರೆಯಲು ಯಾರಿಗೂ ಪುರುಸೊತ್ತಿಲ್ಲದೆ ಊರಿನವರೆಲ್ಲ ಅವನನ್ನು ಬೈಂಡಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತೆಂಟು ವರ್ಷದಿಂದ ಹರಿದ ಪುಸ್ತಕ ಹೊಲಿಯುತ್ತ ಬಂದವನು. ಕೋರ್ಟಿನ ಫೈಲು, ಶಾಲೆಯ ಹಾಜರಿ ಪುಸ್ತಕ, ಯಾರದೋ ಪ್ರೇಮಪತ್ರಗಳ ಕಟ್ಟು, ಎಲ್ಲಕ್ಕೂ ರಟ್ಟು ಹಾಕಿದ್ದ. ಒಂದನ್ನೂ ಓದಿರಲಿಲ್ಲ. ಓದಲು ಬಾರದೆ ಅಲ್ಲ, ಅಂಗಡಿಯ ಒಡತಿಯ ಕಟ್ಟಪ್ಪಣೆ ಹಾಗಿತ್ತು. "ಜನ ನಮ್ಮನ್ನ ನಂಬಿ ಕೊಡ್ತಾರೆ ಕಣೋ. ನೀನು ಕಾಗದ ನೋಡು, ಅಕ್ಷರ ನೋಡ್ಬೇಡ" ಎಂದು ಮೊದಲ ದಿನವೇ ಹೇಳಿದ್ದಳು.

ಆ ಒಡತಿಯನ್ನು ಅವನು ದೊಡ್ಡಮ್ಮ ಎನ್ನುತ್ತಿದ್ದ. ರಕ್ತಸಂಬಂಧ ಏನೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಒಬ್ಬಳೇ ನಡೆಸಿದ ಗಟ್ಟಿಗಿತ್ತಿ, ಮಕ್ಕಳಿರಲಿಲ್ಲ. ಕೊನೆಗಾಲದಲ್ಲಿ ಬೈಂಡಣ್ಣನೇ ಅವಳ ಕೈಹಿಡಿದು ನಡೆಸಿದ, ಅವನ ಹೆಂಡತಿಯೇ ತಲೆ ಬಾಚಿದಳು. ಒಂದು ಬೆಳಿಗ್ಗೆ ದೊಡ್ಡಮ್ಮ ಏಳಲಿಲ್ಲ. ಹದಿನೈದು ದಿನವಾದ ಮೇಲೆ, ಸೂಜಿದಾರದ ಡ್ರಾಯರಿನ ತಳದಲ್ಲಿ ಒಂದು ಲಕೋಟೆ ಸಿಕ್ಕಿತು. ಒಳಗೆ ಒಂದೇ ಹಾಳೆ, ಮೇಲೆ "ಉಯಿಲು" ಎಂದಿತ್ತು. ಕೆಳಗೆ ತನ್ನ ಹೆಸರು ಕಂಡಿತು, ಅಂಗಡಿ ಎಂಬ ಮಾತು ಕಂಡಿತು. ಅಷ್ಟಕ್ಕೇ ಕಣ್ಣು ತುಂಬಿಕೊಂಡು, ಮುಂದಕ್ಕೆ ಓದದೆ ಮಡಿಸಿಬಿಟ್ಟ.

ಕೋರ್ಟಿಗೆ ಕೊಡಬೇಕು ಎಂದು ನಾಲ್ಕು ಜನ ಹೇಳಿದರು. ಹಾಳೆಯ ಸ್ಥಿತಿ ನೋಡಿದರೆ ಅವನಿಗೇ ನಾಚಿಕೆ. ಮಡಿಕೆಯಲ್ಲಿ ಸೀಳಿತ್ತು, ಎಡಗಡೆಯ ಅಂಚು ತೇವಕ್ಕೆ ಮುದುಡಿ ಜಿರಳೆ ತಿಂದಂತಿತ್ತು. ದೊಡ್ಡಮ್ಮನ ಕಾಗದ ಈ ಅವತಾರದಲ್ಲಿ ನ್ಯಾಯಾಧೀಶರ ಮೇಜಿಗೆ ಹೋಗುವುದೇ? ಸೀಳಿಗೆ ತೆಳುಕಾಗದ ಅಂಟಿಸಿದ. ಒತ್ತುಯಂತ್ರದಲ್ಲಿ ಒಂದು ಹಗಲು ಇಟ್ಟ. ಎಡಗಡೆ ಎರಡು ಬೆರಳಗಲ ಕತ್ತರಿಸಿ ನೇರ ಮಾಡಿದ. ಕತ್ತರಿಸಿದ ಪಟ್ಟಿಯಲ್ಲಿ ಅಡ್ಡಡ್ಡಕ್ಕೆ ಏನೋ ಗೀಚಿದಂತಿತ್ತು. ಪೆನ್ನು ಬರೆಯುತ್ತದೋ ಇಲ್ಲವೋ ಎಂದು ನೋಡಿರಬೇಕು ಅಂದುಕೊಂಡ. ಹಾಳೆ ಹೊಸ ನೋಟಿನ ಹಾಗಾಯಿತು. ಹೆಂಡತಿಗೆ ತೋರಿಸಿ ಬೀಗಿದ.

ಕೋರ್ಟಿನಲ್ಲಿ ಶುರುವಾಯಿತು ನೋಡಿ ಅವನ ಪಾಡು. ಮೊದಲ ಕಿಟಕಿಯವನು ಮೂರನೆಯದಕ್ಕೆ ಕಳಿಸಿದ, ಮೂರನೆಯವನು ಊಟಕ್ಕೆ ಹೋಗಿದ್ದ, ಎರಡನೆಯವನು "ಉಯಿಲು ಊರ್ಜಿತ ಮಾಡಿಸೋ ಪ್ರೊಬೇಟಾ? ಅದಕ್ಕೆ ಅರ್ಜಿ ಬೇಕು" ಎಂದ. ಅರ್ಜಿಗೆ ಮರಣಪತ್ರ ಬೇಕಂತೆ, ಮರಣಪತ್ರಕ್ಕೆ ಇನ್ನೊಂದು ಕಚೇರಿಯಂತೆ, ಆ ಕಚೇರಿಯವರಿಗೆ ಈ ಕಚೇರಿಯ ಚೀಟಿಯಂತೆ. ಮುಂಬಾಗಿಲಲ್ಲಿ ಟೈಪು ಮಾಡುವವನು ಹೇಗೋ ಒಂದು ಅರ್ಜಿ ಸಿದ್ಧಮಾಡಿಕೊಟ್ಟ. ಕಚೇರಿಯ ಗುಮಾಸ್ತ ಅದನ್ನೂ ಉಯಿಲನ್ನೂ ತೆಗೆದುಕೊಂಡು, ಹೊಸ ರಿಜಿಸ್ಟರಿನಲ್ಲಿ ಮೊದಲ ಸಾಲು ಬರೆದು ನಂಬರು ಕೊಟ್ಟ. ಬೈಂಡಣ್ಣನಿಗೆ ತಲೆಬುಡ ತಿಳಿಯಲಿಲ್ಲ. ರಿಜಿಸ್ಟರು ಮಾತ್ರ ಪರಿಚಯದ್ದು, ಹೋದ ವಾರ ತಾನೇ ಕಟ್ಟಿಕೊಟ್ಟ ಮೂರರಲ್ಲಿ ಒಂದು. ಹೊಲಿಗೆ ಗಟ್ಟಿಯಾಗಿ ಕೂತಿದೆ ಎಂದು ಅಷ್ಟಾದರೂ ಸಮಾಧಾನಪಟ್ಟ.

ತಕರಾರಿದ್ದವರು ಬರಬಹುದು ಎಂದು ಪೇಪರಿನಲ್ಲಿ ಪ್ರಕಟಣೆ ಹಾಕಿಸಿದರು. ಬಂದೇಬಿಟ್ಟ, ದೊಡ್ಡಮ್ಮನ ತಮ್ಮ. ಇಪ್ಪತ್ತು ವರ್ಷ ಅಕ್ಕನ ಮುಖ ನೋಡದವನು. ಉಯಿಲು ಬಿದ್ದುಹೋದರೆ ಅಂಗಡಿ ಅವನದು. ಮೊಬೈಲ್ ಅಂಗಡಿಯವನೊಬ್ಬನಿಗೆ ಬಾಡಿಗೆಗೆ ಮಾತೂ ಕೊಟ್ಟಿದ್ದನಂತೆ. ಹೆದರಿದ ಬೈಂಡಣ್ಣ ಆಗ ಹೋಗಿ ಒಬ್ಬ ವಕೀಲೆಯನ್ನು ಹಿಡಿದ. ಆಕೆ ಉಯಿಲಿನ ನಕಲನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಸಾಕ್ಷಿ ಇಬ್ರು ಇರ್ಬೇಕು. ಇಲ್ಲಿ ಯಾರೋ ಮೇಷ್ಟ್ರ ಸಹಿ ಒಂದೇ ಇದೆ."

"ದೊಡ್ಡಮ್ಮ ಬರೆದಿದ್ದು ಇಡೀ ಬೀದಿಗೇ ಗೊತ್ತು ಮೇಡಂ."

"ಬೀದಿ ಸಹಿ ಹಾಕಿಲ್ವಲ್ಲ. ಆ ಮೇಷ್ಟ್ರು ಎಲ್ಲಿದ್ದಾರೆ?"

"ತೀರ್ಕೊಂಡ್ರು."

ವಕೀಲೆ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಇನ್ನೊಬ್ಬ ಸಾಕ್ಷಿ ಇರದಿದ್ದರೆ ಉಯಿಲು ನಿಲ್ಲುವುದಿಲ್ಲ, ಅಂಗಡಿ ಖಾಲಿ ಮಾಡಬೇಕಾಗುತ್ತದೆ ಎಂದು ಬಿಡಿಸಿ ಹೇಳಿದರು. ಅದಷ್ಟು ಮಾತ್ರ ಅವನಿಗೆ ಚೆನ್ನಾಗಿ ತಿಳಿಯಿತು.

ಪಕ್ಕದ ಅಂಗಡಿಯಲ್ಲಿ ಕೊಡೆ ರಿಪೇರಿ ಮಾಡುವ ಮುದುಕ ಅವನ ಜೋಲುಮುಖ ನೋಡಿ ವಿಷಯ ಕೇಳಿದ.

"ಎರಡನೇ ಸಾಕ್ಷಿ ನಾನೇ ಅಲ್ವೇನೋ! ನಿಮ್ಮ ದೊಡ್ಡಮ್ಮ ಜಿಪುಣಿ, ಹಾಳೆ ತುಂಬ ಬರೆದ್ಬಿಟ್ಟಿದ್ಲು. ಕೆಳಗೆ ಜಾಗ ಇರ್ಲಿಲ್ಲ ಅಂತ ಎಡಗಡೆ ಅಂಚಲ್ಲಿ ಅಡ್ಡಕ್ಕೆ ಸಹಿ ಹಾಕಿದೆ."

ಬೈಂಡಣ್ಣನಿಗೆ ತಾನು ಕತ್ತರಿಸಿದ ಅಂಚು ನೆನಪಾಯಿತು. ಪೆನ್ನು ಗೀಚಿದ್ದಲ್ಲ ಅದು. ತನ್ನ ಅನ್ನದ ಬಟ್ಟಲನ್ನು ತಾನೇ, ತನ್ನದೇ ಕತ್ತಿಯಿಂದ, ಅದೂ ಅಳತೆಪಟ್ಟಿ ಇಟ್ಟು ಕತ್ತರಿಸಿದ್ದ!

ರದ್ದಿ ಚೀಲ ಸುರಿದು ಗಂಡಹೆಂಡತಿ ಎರಡು ದಿನ ಹುಡುಕಿದರು. ಚೂರುಪಾರು ಕಾಗದದ ನಡುವೆ ಕೂತು ಹೆಂಡತಿಯೇ ಕೇಳಿದಳು: "ಉದ್ದನೆ ಪಟ್ಟಿ ನೀವು ಯಾವತ್ತು ಬಿಸಾಕಿದ್ದೀರಿ?" ಅವನು ಕಣ್ಣುಕಣ್ಣು ಬಿಟ್ಟ. ನಿಜವೇ. ಉದ್ದನೆಯ ಪಟ್ಟಿ ಸಿಕ್ಕರೆ ಮುಂದಿನ ಪುಸ್ತಕದ ಬೆನ್ನಿಗೆ, ಬಟ್ಟೆಯ ಒಳಗೆ ಅಂಟಿಸುವುದು ದೊಡ್ಡಮ್ಮ ಕಲಿಸಿದ ಪದ್ಧತಿ. ಉಯಿಲಿನ ಅಂಚು ಕತ್ತರಿಸಿದ ದಿನ ಸಂಜೆ ಬೆನ್ನು ಕಟ್ಟಿದ್ದು ಕೋರ್ಟಿನ ಆ ಮೂರು ರಿಜಿಸ್ಟರುಗಳಿಗೆ.

ಕೇಳಿದ ಗುಮಾಸ್ತ ಹೌಹಾರಿದ. "ಕೋರ್ಟಿನ ದಾಖಲೆಗೆ ಚಾಕು ಹಾಕ್ತೀಯಾ? ಮುಟ್ಟು ನೋಡೋಣ!" ಪಟ್ಟಿಯನ್ನು ಇಲಿ ಒಯ್ದಿತು ಎಂದುಬಿಡಿ, ಮುದುಕನಿಂದ ಬಾಯಿಮಾತಿನ ಸಾಕ್ಷಿ ಹೇಳಿಸೋಣ ಎಂದು ಟೈಪಿನವನು ಗುಟ್ಟಾಗಿ ಸಲಹೆ ಕೊಟ್ಟ. ಬೈಂಡಣ್ಣ ಅದಕ್ಕೆ ಒಪ್ಪಲಿಲ್ಲ. ಸುಳ್ಳು ಹೇಳಲು ಹೆದರಿಕೆ, ನಿಜ ಹೇಳಲು ನಾಚಿಕೆ, ಎರಡರ ನಡುವೆ ರಾತ್ರಿಯೆಲ್ಲ ಹೊರಳಾಡಿ ವಕೀಲೆಯ ಬಳಿ ನಿಜವನ್ನೇ ಹೇಳಿದ. ಆಕೆ ಮೊದಲು ನಕ್ಕರು, ಆಮೇಲೆ ಕೋರ್ಟಿನ ರಿಜಿಸ್ಟರನ್ನು ಬಿಚ್ಚಲು ಕೋರ್ಟಿಗೇ ಒಂದು ಅರ್ಜಿ ಬರೆದರು. ಅರ್ಜಿಯೊಳಗೆ ಇನ್ನೊಂದು ಅರ್ಜಿ! ಅವನು ಎಲ್ಲಿ ಸಹಿ ಹಾಕು ಎಂದರೆ ಅಲ್ಲಿ ಹಾಕಿದ.

ನ್ಯಾಯಾಧೀಶರು ವಯಸ್ಸಾದವರು. "ಮೂರರಲ್ಲಿ ಯಾವುದು?" ಎಂದು ಕೇಳಿದರು.

"ಗೊತ್ತಿಲ್ಲ ಸ್ವಾಮಿ."

"ಕಟ್ಟಿದೋರು ನೀವೇ ಅಲ್ವಾ?"

"ಕಟ್ಟೋವಾಗ ಕಾಗದ ನೋಡ್ತೀನಿ, ಅಕ್ಷರ ನೋಡಲ್ಲ."

ಎಲ್ಲರೆದುರಿಗೇ ಬಿಚ್ಚಬೇಕು, ಮತ್ತೆ ಕಟ್ಟಿಕೊಡಬೇಕು ಎಂದು ಅಪ್ಪಣೆಯಾಯಿತು. ಬೈಂಡಣ್ಣ ಚಾಕು, ನೀರಿನ ಬಟ್ಟಲು, ಸ್ಪಂಜು ತಂದು ನ್ಯಾಯಾಲಯದ ಮೇಜಿನ ಮೇಲೆ ಹರಡಿಕೊಂಡ. ಮೊದಲ ರಿಜಿಸ್ಟರಿನ ಬೆನ್ನಲ್ಲಿ ಸಿನಿಮಾ ಪೋಸ್ಟರಿನ ಪಟ್ಟಿ. ಎರಡನೆಯದರಲ್ಲಿ ಯಾವುದೋ ಮದುವೆಯ ಆಮಂತ್ರಣ. ದೊಡ್ಡಮ್ಮನ ತಮ್ಮ ಗಡಿಯಾರ ನೋಡಿಕೊಂಡ. ಮೂರನೆಯದು, ಬೈಂಡಣ್ಣನ ಅರ್ಜಿಯ ನಂಬರನ್ನೇ ಬರೆದಿದ್ದ ರಿಜಿಸ್ಟರು. ಬಟ್ಟೆ ಸುಲಿದಾಗ ತೇವಕ್ಕೆ ಮುದುಡಿದ ಒಂದು ಪಟ್ಟಿ ಕಂಡಿತು, ಅಕ್ಷರ ಒಳಮುಖವಾಗಿ ಅಂಟಿತ್ತು. ಬೆರಳಿಗೆ ಕೆಲಸ ಗೊತ್ತಿತ್ತು. ಸ್ಪಂಜಿನಿಂದ ಒದ್ದೆ ಮಾಡಿ, ಕಾದು, ಕೂದಲೆಳೆಯಷ್ಟು ಎತ್ತಿ, ಮತ್ತೆ ಕಾದು, ಅರ್ಧ ಗಂಟೆಯಲ್ಲಿ ಪಟ್ಟಿಯನ್ನು ಇಡಿಯಾಗಿ ಬಿಡಿಸಿ ನ್ಯಾಯಾಧೀಶರ ಮುಂದಿಟ್ಟ. ಉಯಿಲಿನ ಪಕ್ಕಕ್ಕೆ ಇಟ್ಟರೆ ಅಂಚಿಗೆ ಅಂಚು ಕೂಡಿತು.

ಕೊಡೆ ಮುದುಕ ಎದ್ದುನಿಂತು ಸಹಿ ತನ್ನದೇ ಎಂದ. ನ್ಯಾಯಾಧೀಶರು ಮಾತ್ರ ಇನ್ನೂ ಬಗ್ಗಿ ಓದುತ್ತಿದ್ದರು.

"ಸಹಿ ಪಕ್ಕ ಪೆನ್ಸಿಲ್ಲಲ್ಲಿ ಇನ್ನೇನೋ ಇದೆ" ಎಂದು ಗಟ್ಟಿಯಾಗಿ ಓದಿದರು. "ಲೋ, ಇಲ್ಲಿ ಸಹಿ ಇದೆ, ಈ ಅಂಚು ಕತ್ತರಿಸಬೇಡ."

ಕೋರ್ಟಿನಲ್ಲಿ ಯಾರೋ ಕಿಸಕ್ಕೆಂದರು. ದೊಡ್ಡಮ್ಮನ ತಮ್ಮ ಬಂದು ಪಟ್ಟಿಯನ್ನು ನೋಡಿದ, ಬಹಳ ಹೊತ್ತು ನೋಡಿದ. "ಅಕ್ಕನ ಅಕ್ಷರಾನೇ" ಎಂದು ಮೆಲ್ಲಗೆ ಹೇಳಿ ಹೋಗಿ ಕೂತ.

"ನಿಮಗೇ ಅಂತ ಬರೆದಿದ್ದಾರಲ್ರೀ. ಓದ್ಲಿಲ್ವಾ?" ಎಂದು ನ್ಯಾಯಾಧೀಶರು ಕೇಳಿದರು.

"ಓದ್ಬಾರ್ದು ಅಂತ ಅವರೇ ಹೇಳಿದ್ರು ಸ್ವಾಮಿ" ಎಂದ ಬೈಂಡಣ್ಣ, ತುಂಬಿದ ಕೋರ್ಟಿನಲ್ಲಿ ಮಗುವಿನ ಹಾಗೆ ಅತ್ತುಬಿಟ್ಟ. ಅಂಗಡಿ ಉಳಿಯಿತು ಎಂಬುದು ಆಗ ಅವನಿಗೆ ಹೊಳೆದೇ ಇರಲಿಲ್ಲ. ಸತ್ತ ಮೇಲೂ ದೊಡ್ಡಮ್ಮ ಲೋ ಎಂದು ಕರೆದಳಲ್ಲ, ಅಷ್ಟೇ ಕಿವಿಯಲ್ಲಿತ್ತು.

ತಿಂಗಳಾದ ಮೇಲೆ ಮೊಹರು ಒತ್ತಿದ ಆದೇಶದ ಪ್ರತಿ ಕೈಗೆ ಬಂತು. ಅಂಗಡಿಯ ಮೆಟ್ಟಿಲ ಮೇಲೆ ಕೂತು ಮೊದಲ ಅಕ್ಷರದಿಂದ ಕೊನೆಯವರೆಗೂ, ಮೊಹರಿನ ಸುತ್ತ ಇದ್ದ ಚಿಕ್ಕ ಅಕ್ಷರವನ್ನೂ ಬಿಡದೆ ಓದಿದ. ಮುಕ್ಕಾಲು ಪಾಲು ಅರ್ಥವಾಗಲಿಲ್ಲ. ಎಡಗಡೆಯ ಅಂಚು ಸ್ವಲ್ಪ ಸೊಟ್ಟಗಿತ್ತು. ಅದನ್ನು ಹಾಗೆಯೇ ಬಿಟ್ಟು, ಹಾಳೆಯನ್ನು ಸೂಜಿದಾರದ ಡ್ರಾಯರಿನ ತಳದಲ್ಲಿಟ್ಟ.