ವಾಂಗ್ ಕಲಿತ ‘ನೋ ಪ್ರಾಬ್ಲೆಮ್’

ನಿಮಗೂ ಹೀಗಾಗಿದೆಯೇ, ನಿಜ ಹೇಳಿ. ಸಾಹೇಬರು ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಹೇಳಿ ಮುಗಿಸಿದ್ದಾರೆ, ನಿಮ್ಮ ತಲೆಗೆ ಒಂದಕ್ಷರವೂ ಇಳಿದಿಲ್ಲ, ಆದರೂ ಮುಖ ಅರಳಿಸಿ ‘ಯೆಸ್ ಸರ್, ನೋ ಪ್ರಾಬ್ಲೆಮ್’ ಎಂದು ಹೊರಬಂದು, ಮೊದಲು ಸಿಕ್ಕವನ ತೋಳು ಹಿಡಿದು ‘ಎಂತ ಹೇಳಿದ್ದು ಮಾರಾಯ ಅವರು?’ ಎಂದು ಕೇಳಿದ್ದೀರಾ? ಇಲ್ಲ ಎನ್ನುವವರು ಗಲ್ಫಿನಲ್ಲಿ ದುಡಿದವರಲ್ಲ, ದುಡಿದವರಾದರೆ ಸುಳ್ಳು ಹೇಳುತ್ತಿದ್ದಾರೆ.

ಸೌದಿಯ ಖತೀಫಿನ ಹತ್ತಿರ ಎಣ್ಣೆ ಟ್ಯಾಂಕುಗಳ ದುರಸ್ತಿ ಮಾಡುವ ನಮ್ಮ ಕಂಪನಿಗೆ ಈಚೆಗೆ ಚೀನಾದಿಂದ ವೆಲ್ಡರುಗಳ ತಂಡವೊಂದು ಬಂತು. ಅದರ ಮುಖ್ಯಸ್ಥ ವಾಂಗ್ ನನ್ನದೇ ಪ್ರಾಯದವನು, ಕೆಲಸದಲ್ಲಿ ಪಳಗಿದವನು, ಅದರ ಜಂಬವೂ ಸಾಕಷ್ಟಿದ್ದವನು. ಆದರೆ ಗೇಟ್ ಪಾಸ್ ಸಿಗಬೇಕಾದರೆ ಸೇಫ್ಟಿ ಆಫೀಸರ್ ಎದುರು ಕುಳಿತು ಇಂಗ್ಲಿಷಿನಲ್ಲಿ ಉತ್ತರಿಸಬೇಕು. ಎರಡು ಸಲ ಸೋತವರನ್ನು ವಾಪಸ್ ವಿಮಾನ ಹತ್ತಿಸುತ್ತಾರೆ.

ಕಲಿಸುವ ಹೊಣೆ ಬಿದ್ದದ್ದು ಬಂಟ್ವಾಳ ಕಡೆಯ ನಾಸಿರನ ಮೇಲೆ. ತನ್ನನ್ನು ತಾನೇ ‘ಕಮ್ಯುನಿಕೇಷನ್ ಟ್ರೈನರ್’ ಎಂದು ಕರೆದುಕೊಳ್ಳುವ ಮಹಾಶಯ. ಊಟದ ಬಿಡುವಿನಲ್ಲಿ ನನ್ನ ಮೇಜಿರುವ ಕೋಣೆಯಲ್ಲೇ ಅವನ ಪಾಠ. ಪದಸಂಪತ್ತೆಂದರೆ ಅವನ ಪಾಲಿಗೆ ಗೋಣಿಗೆ ಅಕ್ಕಿ ತುಂಬಿದ ಹಾಗೆ, ಒಳಗೆ ಬಿದ್ದರೆ ಸಾಕು. ಮೆಟಿಕ್ಯುಲಸ್, ಪ್ಯಾರಡೈಮ್, ಎಂಡೆವರ್! ಟ್ಯಾಂಕಿನೊಳಗೆ ನುಗ್ಗಿ ವೆಲ್ಡಿಂಗ್ ಮಾಡುವವನಿಗೆ ಪ್ಯಾರಡೈಮ್ ಯಾಕೆ ಬೇಕೋ ಆ ದೇವರೇ ಬಲ್ಲ. ವಾಂಗನೋ, ಚಿಕ್ಕಂದಿನಿಂದ ಸಾವಿರಾರು ಚಿತ್ರಾಕ್ಷರಗಳನ್ನು ತಿದ್ದಿ ತೀಡಿ ನೆನಪಿಟ್ಟ ನಾಡಿನವನು. ಹೇಳಿಕೊಟ್ಟದ್ದನ್ನೆಲ್ಲ ಮರುದಿನ ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದ. ನಾಸಿರನಿಗೆ ಅದೂ ಸಾಲದು.

“ಇವನ ನಾಲಿಗೆ ತಿರುಗುದೇ ಇಲ್ಲ ಅಕ್ಕ. ಲೀಕೇಜ್ ಅಂತ ಹೇಳ್ಲಿಕ್ಕೆ ಎಷ್ಟು ಒದ್ದಾಡ್ತಾನೆ ನೋಡಿ!”

ನಗು ಬಂತು ನನಗೆ, ವಾಂಗನ ಮೇಲಲ್ಲ. ಶಾಲೆಯ ಮೆಟ್ಟಿಲು ಹತ್ತದ ನನ್ನ ಅಮ್ಮನೂ ‘ಗ್ಯಾಸ್ ಲೀಕ್ ಆಗ್ತುಂಟು, ವಾಲ್ ಬಂದ್ ಮಾಡು’ ಎನ್ನುತ್ತಿದ್ದರು. ಬಸ್ಸು, ಸ್ವಿಚ್ಚು, ಕುಕ್ಕರ್, ಕಂಪ್ಯೂಟರ್ ಎಲ್ಲ ನಮಗೆ ಹಾಲಿನ ಜೊತೆಗೇ ಬಾಯಿಗೆ ಬಂದವು. ಅರ್ಧ ಇಂಗ್ಲಿಷನ್ನು ನಾವು ಕಲಿತದ್ದಲ್ಲ, ಕನ್ನಡವೆಂದು ನುಂಗಿದ್ದು. ಚೀನಾದವರು ಹಾಗಲ್ಲ. ಕಂಪ್ಯೂಟರಿಗೆ ಅವರು ‘ವಿದ್ಯುತ್ ಮಿದುಳು’ ಎನ್ನುತ್ತಾರಂತೆ, ಫೋನಿಗೆ ‘ವಿದ್ಯುತ್ ಮಾತು’. ಬಂದ ವಸ್ತುವಿಗೆಲ್ಲ ಸ್ವಂತ ಹೆಸರಿಟ್ಟು ಬಾಳಿದವರು. ಹಾಗಾಗಿ ಪ್ರತಿಯೊಂದು ಇಂಗ್ಲಿಷ್ ಪದವೂ ವಾಂಗನಿಗೆ ಬುಡದಿಂದ ಏರಬೇಕಾದ ಗುಡ್ಡ. ಗುಡ್ಡದ ತಲೆಯಲ್ಲೇ ಹುಟ್ಟಿದ ನಾಸಿರ ಮೇಲೆ ನಿಂತು ಹತ್ತುವವನ ಏದುಸಿರಿಗೆ ನಗುತ್ತಾನೆ, ತಾನೇ ಹತ್ತಿ ಬಂದವನಂತೆ!

ಮೊದಲ ಸಂದರ್ಶನದಲ್ಲಿ ಆಫೀಸರ್ ಕೇಳಿದ್ದು ಒಂದೇ ಪ್ರಶ್ನೆ: ನೀನು ಟ್ಯಾಂಕಿನೊಳಗಿದ್ದೀಯ, ಗ್ಯಾಸ್ ಅಲಾರಂ ಹೊಡೆಯಿತು, ಏನು ಮಾಡುತ್ತೀ?

ವಾಂಗ್ ಹಲ್ಲು ಬಿಟ್ಟು ನಕ್ಕು “ನೋ ಪ್ರಾಬ್ಲೆಮ್ ಸರ್” ಎಂದ. ಪಾಸ್ ಸಿಗಲಿಲ್ಲ.

“ಅಷ್ಟು ಪದ ಕಲಿಸಿದ್ದೆ, ಬೋದಾಳ!” ಎಂದು ನಾಸಿರ ಕೈತೊಳೆದುಕೊಂಡ. ಪ್ರಶ್ನೆ ಅರ್ಥವಾಗದಿದ್ದರೆ ಹಾಗೆಂದು ಹೇಳಬಾರದಿತ್ತೇ ಎಂದು ನಾನು ವಾಂಗನನ್ನು ಕೇಳಿದೆ. ಅವನು ಮುರುಕು ಇಂಗ್ಲಿಷಿನಲ್ಲೇ ಚುಚ್ಚಿದ: “ಇಲ್ಲಿ ಯಾರು ಹಾಗೆ ಹೇಳುತ್ತಾರೆ? ಎಲ್ಲರೂ ನೋ ಪ್ರಾಬ್ಲೆಮ್. ನೀವೂ ನೋ ಪ್ರಾಬ್ಲೆಮ್. ಬಾಸ್ ಖುಷಿ.”

ಗೋಣಿಯಲ್ಲಿದ್ದ ಪದಗಳಲ್ಲ, ಗಾಳಿಯಲ್ಲಿದ್ದ ಪದ ಅವನಿಗೆ ಹತ್ತಿತ್ತು. ಯಾವ ಪಾಠದಲ್ಲೂ ಇಲ್ಲದ್ದನ್ನು ನಮ್ಮ ಇಡೀ ಆಫೀಸು ಬೆಳಗಿಂದ ಸಂಜೆಯವರೆಗೆ ಪುಕ್ಕಟೆ ಕಲಿಸುತ್ತಿತ್ತು.

ಮರುದಿನದಿಂದ ನಾನೇ ಕುಳಿತೆ. ಸ್ಟಾಪ್. ನಾಟ್ ಸೇಫ್. ಸೇ ಅಗೇನ್. ಐ ಡೋಂಟ್ ಅಂಡರ್‌ಸ್ಟ್ಯಾಂಡ್. ಇಷ್ಟೇ. “ಇದೆಲ್ಲ ಎಲ್‌ಕೆಜಿ ಪಾಠ ಅಕ್ಕ, ಕಂಪನಿ ಮರ್ಯಾದೆ ಹೋಗ್ತದೆ” ಎಂದು ನಾಸಿರ ಮೂಗು ಮುರಿದ. ಆದರೆ ಮೆಟಿಕ್ಯುಲಸ್ ನುಂಗಿ ನೀರು ಕುಡಿದ ವಾಂಗನ ಗಂಟಲಲ್ಲಿ ಆ ಕೊನೆಯ ಮಾತು ಸಿಕ್ಕಿಬೀಳುತ್ತಿತ್ತು. ಸ್ವರ ತಗ್ಗುತ್ತಿತ್ತು, ಹಾಳು ನಗು ಮುಖಕ್ಕೆ ಬರುತ್ತಿತ್ತು. “ನಗಬೇಡ, ಜೋರಾಗಿ ಹೇಳು” ಎಂದು ನಾನು ಮೇಜು ಗುದ್ದುತ್ತಿದ್ದೆ. ಪದ ಬಾಯಿಪಾಠವಾಗುವುದಕ್ಕೆ ಒಂದು ರಾತ್ರಿ ಸಾಕು. ಅದನ್ನು ದೊಡ್ಡವರ ಮುಖಕ್ಕೆ ಹೇಳಬಹುದೆಂಬ ಧೈರ್ಯವನ್ನು ಯಾವ ಆ್ಯಪು ಕಲಿಸುತ್ತದೆ?

ಎರಡನೆಯ ಸಲ ಆಫೀಸರ್ ಗಡಗಡನೆ ಪ್ರಶ್ನೆ ಎಸೆದಾಗ ವಾಂಗ್ ಅಂಗೈ ಎತ್ತಿದ. “ಸ್ಟಾಪ್. ಐ ಡೋಂಟ್ ಅಂಡರ್‌ಸ್ಟ್ಯಾಂಡ್. ಸೇ ಅಗೇನ್.” ಆಫೀಸರ್ ನಿಧಾನವಾಗಿ ಮತ್ತೆ ಕೇಳಿದರು, ಇವನು ಸರಿಯಾಗಿ ಹೇಳಿದ. ಪಾಸ್ ಸಿಕ್ಕಿತು.

ಆ ವಾರವೇ ನಮ್ಮ ಮ್ಯಾನೇಜರ್ ಹನೀಫ್ ಸಾಹೇಬ್ರು, ಟ್ಯಾಂಕಿನೊಳಗಿನ ಗ್ಯಾಸ್ ಪರೀಕ್ಷೆ ಆಗುವ ಮೊದಲೇ, ‘ಯಲ್ಲಾ, ಬೇಗ ಬೇಗ, ಹುಡುಗರನ್ನು ಇಳಿಸು’ ಎಂದು ವಾಂಗನಿಗೆ ಅಪ್ಪಣೆ ಕೊಟ್ಟರಂತೆ. ಸುತ್ತ ನಿಂತವರೆಲ್ಲ ನೋ ಪ್ರಾಬ್ಲೆಮ್ ಎಂದರಂತೆ. ವಾಂಗ್ ಮಾತ್ರ “ಐ ಡೋಂಟ್ ಅಂಡರ್‌ಸ್ಟ್ಯಾಂಡ್” ಎಂದ. ಸಾಹೇಬ್ರು ಕಿರುಚಿದಷ್ಟು ಸಲವೂ ಅದನ್ನೇ ಎಂದ. ಪರೀಕ್ಷೆ ಮುಗಿದ ಮೇಲೆಯೇ ಅವನಿಗೆ ಅರ್ಥವಾದದ್ದು.

ಸಾಹೇಬ್ರು ಕೆಂಡವಾಗಿ ನಮ್ಮ ಕೋಣೆಗೆ ಬಂದರು. “ಎಂತ ಕಲಿಸಿದ್ದು ನಾಸಿರ್ ಅವನಿಗೆ? ಮೊದ್ಲೇ ಚಂದ ಇದ್ದ!”

“ನಾನಲ್ಲ ಸಾಹೇಬ್ರೇ, ಅಕ್ಕ.” ಎಷ್ಟು ಬೇಗ ಬಂತು ನೋಡಿ ಉತ್ತರ, ಮಹಾ ಟ್ರೈನರಿಗೆ!

ಸಾಹೇಬ್ರು ನನ್ನತ್ತ ತಿರುಗಿದರು. “ನಾಳೆಯಿಂದ ಹೊಸಬರು ಬರ್ತಾರೆ. ಅವರಿಗೆ ಇಂಥದ್ದೆಲ್ಲ ಕಲಿಸುದು ಬೇಡ. ಅರ್ಥ ಆಯ್ತಲ್ಲ?”

ಕೋಣೆಯಲ್ಲಿ ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ವರ್ಷಾನುವರ್ಷ ಪಳಗಿದ ಆ ಎರಡು ಪದ ನಾಲಿಗೆಯ ತುದಿಯಲ್ಲಿ ತಯಾರಾಗಿ ನಿಂತಿದ್ದವು, ಮುಖದ ಸ್ನಾಯುಗಳು ನಗಲು ಹೊರಟಿದ್ದವು. ತಡೆದೆ.

“ಇಲ್ಲ ಸಾಹೇಬ್ರೇ, ಅರ್ಥ ಆಗ್ಲಿಲ್ಲ. ಇನ್ನೊಮ್ಮೆ ಹೇಳಿ.”

ಅವರು ಇನ್ನೊಮ್ಮೆ ಹೇಳಲಿಲ್ಲ. ಅಂಥ ಮಾತನ್ನು ಎರಡು ಸಲ ಹೇಳುವುದು ಕಷ್ಟ. ಬಾಗಿಲು ದಡಾರೆಂದು ಹಾಕಿಕೊಂಡು ಹೋದರು.

ಇನ್ನು ನಿಮ್ಮ ಸರದಿ. ಅರ್ಥವಾಗಲಿಲ್ಲವೆಂದು ಮೊದಲ ಬಾರಿ ಯಾರ ಎದುರು ಬಾಯಿಬಿಟ್ಟಿರಿ, ಆಮೇಲೆ ಏನಾಯಿತು? ಕೆಳಗೆ ಬರೆಯಿರಿ. ಇನ್ನೂ ಹೇಳಿಲ್ಲದವರು, ಯಾಕೆ ಹೇಳಿಲ್ಲವೆಂದಾದರೂ ಬರೆಯಿರಿ.