ಧೂಪದ ಮರದ ಗಾಯಗಳು

ಆಗೆಲ್ಲ ಹೊಲದ ಕೆಲಸ ಮುಗಿಯಿತೆಂದರೆ ನಮ್ಮೂರಿನ ಹೆಂಗಸರು ಅಂಬಾಜಿದುರ್ಗದ ಬೆಟ್ಟ ಹತ್ತುತ್ತಿದ್ದರು. ಧೂಪದ ಮರದ ತೊಗಟೆಯನ್ನು ಒಂದಿಷ್ಟೇ ಕೆತ್ತಿ, ಒಸರಿದ ಅಂಟು ಒಣಗಿದ ಮೇಲೆ ಬಿಡಿಸಿ ತರುತ್ತಿದ್ದರು. ಒಂದೊಂದು ಮನೆಗೂ ಅದರದೇ ಮರಗಳು. ಅಂಟು ತೆಗೆದ ಗಾಯಕ್ಕೆ ಕೆಮ್ಮಣ್ಣು, ಸಗಣಿ ಮೆತ್ತಬೇಕು. ಮೂರು ವರ್ಷ ಆ ಜಾಗ ಮುಟ್ಟಬಾರದು. ಎಷ್ಟು ಒಗೆದರೂ ಅಜ್ಜಿಯ ಸೀರೆಯಿಂದ ಧೂಪದ ವಾಸನೆ ಹೋಗುತ್ತಿರಲಿಲ್ಲ. ಅದಕ್ಕೇ ನಾನು ಅವಳ ಪಕ್ಕ ಬಿಟ್ಟು ಮಲಗುತ್ತಿರಲಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದ ಬೇಸಿಗೆಯಲ್ಲಿ, ಗುತ್ತಿಗೆದಾರನ ಹೊರತು ಯಾರೂ ಅಂಟು ತೆಗೆಯಬಾರದೆಂದು ಸರ್ಕಾರದ ಆದೇಶ ಬಂತು. ಅಜ್ಜಿ, ಜೊತೆಗೆ ನಾಲ್ವರು ಹೆಂಗಸರು, ಹೈಕೋರ್ಟಿಗೆ ಹೋದರು. ನಾವು ಮರ ಕೆಡಿಸುವವರಲ್ಲ ಎಂಬುದೇ ಅವರ ವಾದ. ಮರಗಳನ್ನು ನೋಡಿ ವರದಿ ಕೊಡಲು ಕೋರ್ಟಿನ ಕಡೆಯಿಂದ ಒಬ್ಬ ಅಧಿಕಾರಿ ಬಂದರು. ಅಜ್ಜಿಗೆ ಮಂಡಿ ನೋವು.

"ನೀನೇ ತೋರ್ಸಮ್ಮ. ಒಂದು ಮರಾನೂ ಬಿಡ್ಬೇಡ," ಎಂದಳು.

ನನಗೋ ಹಿಗ್ಗು. ಆಡಿನ ಮರಿಯ ಹಾಗೆ ಮುಂದೆ ಮುಂದೆ ಹಾರುತ್ತಾ ಬೆಟ್ಟ ಹತ್ತಿದೆ.

"ಈ ಗಾಯ ನಮ್ಮಜ್ಜಿ ಹೋದ್ವರ್ಷ ಮಾಡಿದ್ದು ಸಾರ್. ಇದು ನಾನು ಹುಟ್ಟಿದ ವರ್ಷದ್ದು."

"ಇನ್ನೂ ಇದಾವೇನಮ್ಮ?"

"ಬೇಕಾದಷ್ಟಿದಾವೆ, ಬನ್ನಿ ಸಾರ್!"

ಅವರು ಬರೆದುಕೊಳ್ಳುತ್ತಲೇ ಇದ್ದರು. ಇಳಿಯುವಾಗ ನನಗೆ ಪೆಪ್ಪರಮಿಂಟು ಕೊಟ್ಟರು. ಕೆಟ್ಟವರೇನಲ್ಲ.

ಮರಗಳ ತುಂಬ ಗಾಯಗಳಿವೆ, ಅರ್ಜಿದಾರಳ ಮೊಮ್ಮಗಳೇ ಒಪ್ಪಿಕೊಂಡಿದ್ದಾಳೆ ಎಂದು ವರದಿಯಲ್ಲಿತ್ತಂತೆ. ಕೇಸು ಬಿದ್ದುಹೋಯಿತು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಊರವರು ಆಡಿಕೊಂಡರು. ನನಗೆ ತಲೆಬುಡ ಅರ್ಥವಾಗಲಿಲ್ಲ. ಅಜ್ಜಿ ಹೇಳಿದ ಹಾಗೇ ಮಾಡಿದ್ದೆ, ಒಂದು ಮರವನ್ನೂ ಬಿಟ್ಟಿರಲಿಲ್ಲ.

"ಸುಳ್ಳು ಹೇಳ್ಬೇಕಿತ್ತಾ ಅಜ್ಜಿ?" ಎಂದು ಅಳುತ್ತಾ ಕೇಳಿದೆ.

"ಇರೋದ್ ತಾನೇ ಹೇಳಿದ್ದು? ಬಿಡು." ಸೆರಗಿನಿಂದ ನನ್ನ ಕಣ್ಣೊರೆಸಿ, "ಅವೆಲ್ಲ ವಾಸಿಯಾಗಿರೋದೂ ಹೇಳ್ದೇನಮ್ಮ?" ಎಂದಳು.

ಹೇಳಿದ್ದೆನೋ ಇಲ್ಲವೋ. ಅಂದೂ ನೆನಪಾಗಲಿಲ್ಲ, ಇಂದಿಗೂ ಆಗಿಲ್ಲ. ಅಜ್ಜಿ ಮತ್ತೆ ಬೆಟ್ಟ ಹತ್ತಲಿಲ್ಲ.

ಅವಳು ಹೋಗಿ ಎಷ್ಟೋ ವರ್ಷವಾಯಿತು. ಕಾನೂನು ಬದಲಾಗಿದೆ, ನಿಮ್ಮ ಮನೆಯವರು ಅಂಟು ತೆಗೆಯುತ್ತಿದ್ದ ಮರಗಳನ್ನು ಗುರುತಿಸಿ ಕೊಟ್ಟರೆ ಹಕ್ಕು ಕೇಳಬಹುದು ಎಂದರು ಚಿಂತಾಮಣಿಯ ವಕೀಲರೊಬ್ಬರು. ಹೋದ ತಿಂಗಳು ಬೆಟ್ಟಕ್ಕೆ ಹೋಗಿದ್ದೆ. ತೊಗಟೆ ಪೂರ್ತಿ ಕೂಡಿಕೊಂಡಿದೆ. ಮರದಿಂದ ಮರಕ್ಕೆ ಕೈಯಾಡಿಸುತ್ತಾ ಸಂಜೆಯವರೆಗೂ ಹುಡುಕಿದೆ. ಒಂದು ಗಾಯವೂ ಸಿಗಲಿಲ್ಲ.