ಹತ್ತು ಗಂಟೆಯ ಬಾಟಲಿ

ಆ ಮನುಷ್ಯನನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುವ ಉದ್ದೇಶವೂ ಇಲ್ಲ.

ಶಾಲೆಯಲ್ಲಿ ವಿಜ್ಞಾನ ಕಲಿಸುವುದನ್ನು ಬಿಟ್ಟ ಮೇಲೆ ನಾನು ಯಾದಗಿರಿಯ ಹೊರಗೆ, ಭೀಮೆಯ ದಂಡೆಯಲ್ಲಿ, ಖಾಸಗಿ ಕಾಲೊನಿಯೊಂದರ ಕೊಳಚೆ ನೀರು ಶುದ್ಧೀಕರಣ ಘಟಕದ ಪ್ರಯೋಗಾಲಯ ಸೇರಿದೆ. ಅಲ್ಲಿ ಗಾಳಿ ಊದುವ ಯಂತ್ರ ನಡೆಸುತ್ತಿದ್ದ ಆ ಮನುಷ್ಯ ಮೊದಲು ಹೊಲಗಳಿಗೆ ಹೊಳೆಯ ನೀರೆತ್ತುವ ಮೋಟರು ನೋಡಿಕೊಂಡಿದ್ದ. ಕಾದ ಮೋಟರು ಸುಟ್ಟೀತೆಂದು ಆಗಾಗ ಆರಿಸಿ ತಣಿಸುವುದು ಅವನಿಗೆ ರೂಢಿಯಾಗಿತ್ತು. ಕೊಳಚೆಯ ತೊಟ್ಟಿಗೆ ಹಗಲಿರುಳು ಗಾಳಿ ಊದಬೇಕಾದ ಯಂತ್ರವನ್ನೂ ಅವನು ಹಾಗೆಯೇ ನಡೆಸಿದ.

ತೊಟ್ಟಿಯ ಸೂಕ್ಷ್ಮಜೀವಿಗಳಿಗೆ ಸಾಕಷ್ಟು ಗಾಳಿ ಸಿಕ್ಕರೆ ಮಾತ್ರ ಕೊಳಚೆಯ ಅಮೋನಿಯಾ ನೈಟ್ರೇಟ್ ಆಗುತ್ತದೆ. ಮುಂದಿನ, ಗಾಳಿಯಿಲ್ಲದ ತೊಟ್ಟಿಯಲ್ಲಿ ಅದು ನಿರಪಾಯಕಾರಿ ಸಾರಜನಕವಾಗಿ ಹಾರಿಹೋಗುತ್ತದೆ. ಅರೆಬರೆ ಗಾಳಿ ಕೊಟ್ಟರೆ ಕೆಲಸ ನಡುವೆಯೇ ಕೆಡುತ್ತದೆ: ಮೀನಿಗೆ ವಿಷವಾದ ಅಮೋನಿಯಾ ಹೊಳೆಗೆ, ಭೂಮಿಯನ್ನು ಕಾಯಿಸುವ ನೈಟ್ರಸ್ ಆಕ್ಸೈಡ್ ಆಕಾಶಕ್ಕೆ. ಇದನ್ನು ಅವನಿಗೆ ಮೂರು ಸಲ ವಿವರಿಸಿದ್ದೆ.

"ಕಣ್ಣಿಗಿ ಕಾಣದ ಹುಳಕ್ಕ ಇಷ್ಟ್ ಮರುಗ್ತೀರಿ, ಮಾಸ್ತರ. ಮೋಟ್ರಕ್ಕ ದಣಿವು ಇರಂಗಿಲ್ಲೇನ್ರಿ?" ಎಂದು ನಕ್ಕಿದ್ದ.

ಆದರೂ ಅವನು ಪ್ರತಿದಿನ ಹತ್ತು ಗಂಟೆಗೆ, ನೀರು ಹೊಳೆಗೆ ಬಿಡುವ ಕಡೆ, ತುಂಬಿ ತಂದಿಡುತ್ತಿದ್ದ ಬಾಟಲಿಯ ನೀರು ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಿತ್ತು. ನಾನು ಸಹಿ ಹಾಕುತ್ತಿದ್ದೆ.

ಒಂದು ಮಧ್ಯಾಹ್ನ, ನಮ್ಮ ನೀರು ಹೊಳೆ ಸೇರುವಲ್ಲಿನ ಮಡುವಿನಲ್ಲಿ ಬಲೆ ಬೀಸುವ ಮೀನುಗಾರ ಬಂದು, ಬುಟ್ಟಿಯ ಸತ್ತ ಮೀನುಗಳನ್ನೆಲ್ಲ ನನ್ನ ಮೇಜಿನ ಮೇಲೆ ಸುರಿದ.

"ನಿಮ್ಮ ಕಾಗದದಾಗ ನೀರು ಛಲೋ ಅದ ಅಂತ. ಹಂಗಾದ್ರ ಇವು ಯಾಕ ಸತ್ತಾವ್ರಿ? ಆ ಮಡು ಕೆಟ್ರ ನನ್ ಮನಿಯಾಗ ಒಲಿ ಹತ್ತಂಗಿಲ್ಲ."

ಮರುದಿನ ಬೆಳಿಗ್ಗೆ ಆರಕ್ಕೆ ನಾನೇ ಬಾಟಲಿ ಹಿಡಿದು ಹೋದೆ. ಯಂತ್ರ ನಿಂತಿತ್ತು, ತೊಟ್ಟಿಯಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಗಾಜಿನ ನಳಿಕೆಯಲ್ಲಿ ಪರೀಕ್ಷೆಯ ದ್ರಾವಣ ಬೆರೆಸಿದೊಡನೆ ನೀರು ಕಡುಹಳದಿಗೆ ತಿರುಗಿತು. ಅಮೋನಿಯಾ.

ಯಂತ್ರದವನು ಬಂದಾಗ ಆ ನಳಿಕೆಯನ್ನು ಅವನ ಮುಖಕ್ಕೆ ಹಿಡಿದೆ. ಅವನಿಗೆ ನಾಚಿಕೆಯೇ ಆಗಲಿಲ್ಲ.

"ಬಾಟ್ಲಿ ತುಂಬೂದಕ್ಕ ಮುಂಚಿ ಮೂರು ತಾಸು ಜೋರ್ ಓಡಸ್ತೀನ್ರಿ. ನಿಮಗ ಛಲೋ ನೀರು ಬೇಕಿತ್ತು, ಕೊಟ್ಟೀನಿ. ತಪಾಸಣಿ ಸಾಹೇಬ್ರು ಬರೂ ದಿನಾನ ನಿಮ್ ಸಾಲ್ಯಾಗ ಕಸಾ ಹೊಡಸ್ತಿದ್ದಿಲ್ಲೇನು?"

ಆ ದಿನವಷ್ಟೇ ಕಸ ಹೊಡೆಸುತ್ತಿದ್ದೆ. ಅದಕ್ಕಾಗಿ ಅವನನ್ನು ಇನ್ನಷ್ಟು ದ್ವೇಷಿಸಿದೆ.

ಆರು ಗಂಟೆಯ ಫಲಿತಾಂಶವನ್ನು ವರದಿಯಲ್ಲಿ ಬರೆದೆ. ಹಿಂದಿನ ಯಾವ ಮಾದರಿಯನ್ನೂ ನಾನು ಸ್ವತಃ ಸಂಗ್ರಹಿಸಿಲ್ಲ, ಅವು ನಂಬಲರ್ಹವಲ್ಲ ಎಂದು ಕೆಳಗೆ ಸೇರಿಸಿ ಸಹಿ ಮಾಡಿದೆ. ಅದರ ಪ್ರತಿಯನ್ನು ದಂಡೆಗೆ ಒಯ್ದು ಮೀನುಗಾರನಿಗೆ ಓದಿ ಹೇಳಿದೆ. ಅವನು ಬಲೆ ಮಡಚುವುದನ್ನು ನಿಲ್ಲಿಸಲಿಲ್ಲ.

"ಮೊದಲಿನವಕ್ಕೂ ನಿಮ್ದ ಸಹಿ ಇತ್ತಲ್ರಿ," ಎಂದ.

ಹರಿಗೋಲನ್ನು ತಲೆಯ ಮೇಲೆ ಹೊತ್ತು ಹೊಳೆಯ ಮೇಲ್ಭಾಗಕ್ಕೆ ನಡೆದ. ಈಗ ಬಾಟಲಿಯನ್ನು ನಾನೇ ತುಂಬುತ್ತೇನೆ. ಮಡುವಿಗೆ ಅವನು ಮರಳಿಲ್ಲ.